ಮೈಸೂರು ಸೀಮೆಯ ಗೃಹೋದ್ಯಮ ಮತ್ತು ಸರ್ಕಾರದ ನೆರವು: ರೇಷ್ಮೆ ಕಸುಬಿನ ಒಂದು ಅಧ್ಯಯನ

ಪ್ರಸ್ತಾವನೆ

ಕರ್ನಾಟಕದ ಕೈಗಾರಿಕಾ ಇತಿಹಾಸವನ್ನು ಕುರಿತ ಬರಹಗಳಲ್ಲಿ ಕಾರ್ಖಾನೆಗಳಿಗೆ ದೊರೆತಿರುವ ಸ್ಥಾನ ಮನೆಯೊಳಗಿನ ಕಸುಬುಗಳಿಗೆ ದೊರೆತಿಲ್ಲ. ಕೋಲಾರದ ಚಿನ್ನದ ಗಣಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಶ್ರೀಗಂಧದ ಎಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳನ್ನು ಕುರಿತು ಸಾಕಷ್ಟು ಅಧ್ಯಯನಗಳು ನಡೆದಿವೆ. ಆದರೆ ಅದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಸಾವಿರಾರು ಕುಟುಂಬಗಳು ವಾಸದ ಮನೆಯಲ್ಲಿಯೇ, ಕುಟುಂಬದವರ ದುಡಿಮೆಯಿಂದಲೇ ನಡೆಸಿಕೊಂಡು ಬಂದ ಉದ್ಯಮಗಳಿಗೆ ಸರ್ಕಾರವು ಯಾವ ಬಗೆಯ ನೆರವನ್ನು ನೀಡಿತು, ಆ ನೆರವು ಮನೆಯ ಒಳಗನ್ನು ಹೇಗೆ ಬದಲಿಸಿತು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪ್ರಸ್ತುತ ಪ್ರಬಂಧದಲ್ಲಿ ರೇಷ್ಮೆ ಕಸುಬನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸಲು ಯತ್ನಿಸಲಾಗಿದೆ. ಹೋಲಿಕೆಗಾಗಿ ಖಾದಿ ನೂಲುವಿಕೆಯ ಸಂಗತಿಯನ್ನೂ ಸಂಕ್ಷೇಪವಾಗಿ ಗಮನಿಸಲಾಗಿದೆ.

ರೇಷ್ಮೆಯನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದನೆಯದಾಗಿ, ಹದಿನೆಂಟನೆಯ ಶತಮಾನದ ಕೊನೆಯಿಂದ ಇಂದಿನವರೆಗೆ ಈ ಕಸುಬಿನೊಡನೆ ಪ್ರಭುತ್ವದ ಸಂಬಂಧ ಬಹುಮಟ್ಟಿಗೆ ಕಡಿದುಹೋಗದೆ ಮುಂದುವರಿದಿದೆ. ಎರಡನೆಯದಾಗಿ, ಮನೆ ಮತ್ತು ಉದ್ಯಮಗಳ ನಡುವಿನ ಗೆರೆ ಇಷ್ಟು ತೆಳುವಾಗಿರುವ ಕಸುಬು ಬೇರೊಂದು ಸಿಗುವುದು ಕಷ್ಟ. ಹುಳುಗಳಿದ್ದ ತಟ್ಟೆಗಳು ಅಡುಗೆ ಮಾಡುವ, ಮಲಗುವ ಮನೆಯಲ್ಲಿಯೇ ಇರುತ್ತಿದ್ದವು. ಹುಳುವಿನ ಹೊತ್ತಿಗೆ ತಕ್ಕಂತೆ ಮನೆಯವರ ಹೊತ್ತು ಸಾಗುತ್ತಿತ್ತು.

ಪ್ರಾಚೀನ ಹಿನ್ನೆಲೆ

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ನಂತರ, 1800-01ರಲ್ಲಿ ಮೈಸೂರು ಪ್ರಾಂತದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಮನೆಯೊಳಗಿನ ಕಸುಬುಗಳ ವಿಚಾರವಾಗಿ ಅಮೂಲ್ಯ ವಿವರಗಳನ್ನು ದಾಖಲಿಸಿದ್ದಾನೆ. ಬ್ರಾಹ್ಮಣರನ್ನುಳಿದು ಎಲ್ಲ ಜಾತಿಗಳ ಹೆಂಗಸರು ವಾರದ ಸಂತೆಯಲ್ಲಿ ಅರಳೆಯನ್ನು ಕೊಂಡು, ಮನೆಯಲ್ಲಿ ನೂತು, ನೂಲನ್ನು ನೇಕಾರರಿಗೆ ಮಾರುತ್ತಿದ್ದರೆಂಬ ಸಂಗತಿ ಅಲ್ಲಿ ದೊರೆಯುತ್ತದೆ. ಇದು ಗಮನಾರ್ಹ ಸಂಗತಿ. ಇಲ್ಲಿ ಕಚ್ಚಾವಸ್ತುವನ್ನು ಕೊಳ್ಳುವವಳೂ ಸಿದ್ಧವಸ್ತುವನ್ನು ಮಾರುವವಳೂ ಒಬ್ಬಳೇ. ಕೂಲಿಗಾಗಿ ನೂಲುವ ಸ್ಥಿತಿ ಇದಲ್ಲ. ಸಂತೆಯನ್ನು ಆಶ್ರಯಿಸಿದ ಸಣ್ಣದೊಂದು ಸ್ವತಂತ್ರ ವ್ಯಾಪಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಣಿಯ ನೂಲು ಹಳ್ಳಿಗಳನ್ನು ತಲುಪುತ್ತಿದ್ದಂತೆ ಈ ವ್ಯವಸ್ಥೆ ಕುಸಿಯಿತು. ನೇಕಾರನಿಗೆ ಬೇರೆ ನೂಲು ಸಿಕ್ಕಿತು. ನೂಲುವವಳಿಗೆ ಬೇರೆ ಗಿರಾಕಿ ಸಿಗಲಿಲ್ಲ.

ರೇಷ್ಮೆಯ ಕಥೆ ಇದಕ್ಕಿಂತ ಭಿನ್ನವಾದುದು. ಅದು ಸಂತೆಯಿಂದ ಹುಟ್ಟಿದ ಕಸುಬಲ್ಲ, ಅರಮನೆಯ ಆಜ್ಞೆಯಿಂದ ನೆಲೆಗೊಂಡ ಕಸುಬು. ಬಂಗಾಳಕ್ಕೆ ಕಳುಹಿಸಿದ್ದ ತನ್ನವರು ರೇಷ್ಮೆಹುಳುಗಳೊಡನೆ ಹಿಂದಿರುಗುತ್ತಿರುವ ಬಗ್ಗೆ, ಅವುಗಳ ಸಾಕಣೆಗೆ ತಕ್ಕ ಸ್ಥಳವನ್ನು ಸಿದ್ಧಪಡಿಸಬೇಕಾದ ಬಗ್ಗೆ ಟೀಪು ಸುಲ್ತಾನನು 1786ರಲ್ಲಿ ಬರೆಸಿದ ಪತ್ರವು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಪತ್ರಸಂಗ್ರಹದಲ್ಲಿದೆ. ಟೀಪುವಿನ ಯತ್ನವು ಅವನ ಕಾಲದಲ್ಲಿಯೇ ಪೂರ್ಣ ಫಲ ನೀಡಿತೆಂದು ಹೇಳಲಾಗದು. ಆದರೆ ಅನಂತರದ ದಶಕಗಳಲ್ಲಿ ಹಿಪ್ಪುನೇರಳೆ ಬೇಸಾಯವು ಬೆಂಗಳೂರು, ಕೋಲಾರ, ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ ಹರಡಿತು. ಚನ್ನಪಟ್ಟಣ, ರಾಮನಗರ, ಶಿಡ್ಲಘಟ್ಟಗಳ ಸುತ್ತಣ ಪ್ರದೇಶ ಈ ಕಸುಬಿಗೆ ಹೆಸರಾಯಿತು. ಆಗ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಕೊಳ್ಳೇಗಾಲವೂ ಇದೇ ರೇಷ್ಮೆ ಸೀಮೆಯ ಭಾಗವಾಗಿತ್ತು.

ಮನೆಯ ಶಕ್ತಿ ಮತ್ತು ಮಿತಿ

ಸರ್ಕಾರದ ನೆರವಿನ ಸ್ವರೂಪವನ್ನು ತಿಳಿಯುವುದಕ್ಕೆ ಮುನ್ನ ಕಸುಬಿನ ಕ್ರಮವನ್ನು ಅರಿಯುವುದು ಅವಶ್ಯಕ. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವವರೆಗೆ ಸುಮಾರು ನಾಲ್ಕು ವಾರ ಬೇಕು. ಈ ಅವಧಿಯಲ್ಲಿ ಅದು ನಾಲ್ಕು ಸಾರಿ ಮೇವು ಬಿಟ್ಟು ಪೊರೆ ಕಳಚುತ್ತದೆ. ಬೆಳೆಗಾರರ ಮಾತಿನಲ್ಲಿ ಇದು ಹುಳು ‘ಜ್ವರಕ್ಕೆ ಕೂರುವ’ ಕಾಲ. ಎಳೆಯ ಹುಳುವಿಗೆ ಕುಡಿ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಬೆಳೆದ ಹುಳುವಿಗೆ ರಾತ್ರಿಯೂ ಸೊಪ್ಪು ಬೇಕು. ಹಿಕ್ಕೆ ತೆಗೆದು ತಟ್ಟೆ ಶುಚಿಗೊಳಿಸಬೇಕು. ಹಣ್ಣಾದ ಹುಳುವನ್ನು ತಡಮಾಡದೆ ಆರಿಸಿ ಚಂದ್ರಿಕೆಗೆ ಬಿಡಬೇಕು. ಇಂಥ ಕೆಲಸಕ್ಕೆ ಹೊತ್ತುಗೊತ್ತಿಲ್ಲದ, ಆದರೆ ಸದಾ ಎಚ್ಚರವಾಗಿರುವ ಕೈಗಳು ಬೇಕಾಗುತ್ತವೆ. ಕೂಲಿಯ ಆಳಿನಿಂದ ಇದನ್ನು ಮಾಡಿಸಿದರೆ ಖರ್ಚು ಗಿಟ್ಟುವುದಿಲ್ಲ. ಮನೆಯ ಹೆಂಗಸರು, ಮುದುಕರು ಮತ್ತು ಮಕ್ಕಳು ಉಳಿದ ಕೆಲಸಗಳ ನಡುವೆ ಇದನ್ನು ಮಾಡುತ್ತಿದ್ದುದರಿಂದಲೇ ಕಸುಬು ಉಳಿಯಿತು.

ಆದರೆ ಮನೆಯ ಶಕ್ತಿ ನಿಲ್ಲುವ ಒಂದು ಗಡಿಯೂ ಇತ್ತು. ಗಂಟುರೋಗವೆಂದು ಕರೆಯಲಾಗುವ ಪೆಬ್ರಿನ್ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಹರಡುವ ರೋಗ. ಬರಿಗಣ್ಣಿಗೆ ಮೊಟ್ಟೆಯಲ್ಲಿ ಅದು ಕಾಣದು. 1865ರಿಂದ ಮುಂದಿನ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ರೂಪಿಸಿದ ವಿಧಾನದಂತೆ, ಮೊಟ್ಟೆಯಿಟ್ಟ ಪ್ರತಿಯೊಂದು ತಾಯಿ ಚಿಟ್ಟೆಯನ್ನೂ ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿರುವ ಮೊಟ್ಟೆಗಳನ್ನು ನಾಶಪಡಿಸುವುದೊಂದೇ ಉಪಾಯ. ತನ್ನದೇ ಗೂಡುಗಳಲ್ಲಿ ಕೆಲವನ್ನು ಬಿತ್ತನೆಗೆ ಉಳಿಸಿಕೊಳ್ಳುತ್ತಿದ್ದ ಬೆಳೆಗಾರನು ರೋಗವನ್ನೂ ಅದರೊಡನೆ ಮುಂದಿನ ಬೆಳೆಗೆ ದಾಟಿಸುತ್ತಿದ್ದನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಸೀಮೆಯ ರೇಷ್ಮೆ ಬೆಳೆ ಮತ್ತೆ ಮತ್ತೆ ನೆಲಕಚ್ಚಿದುದಕ್ಕೆ ಹುಳುವಿನ ರೋಗಗಳೇ ಮುಖ್ಯ ಕಾರಣ. ಅನ್ಯರನ್ನು ಹುಳುಮನೆಯೊಳಗೆ ಬಿಡದಿರುವ, ದೃಷ್ಟಿ ತಗಲುವುದೆಂದು ಅಂಜುವ ಪದ್ಧತಿಗಳು ಸೋಂಕನ್ನು ಸ್ವಲ್ಪಮಟ್ಟಿಗೆ ತಡೆದಿರಬಹುದು. ಮೊಟ್ಟೆಯೊಳಗಿನ ರೋಗವನ್ನು ಅವು ತಡೆಯಲಾರವು.

ಆರಂಭದ ಯತ್ನಗಳು

ಮೊದಲ ಯತ್ನಗಳು ಕಾರ್ಖಾನೆಯ ದಿಕ್ಕಿನಲ್ಲಿ ನಡೆದವು. 1860ರ ದಶಕದಲ್ಲಿ ಇಟಲಿಯ ದೆ ವೆಕ್ಕಿ ಎಂಬವರು ಕೆಂಗೇರಿಯಲ್ಲಿ ಉಗಿಯಂತ್ರದ ನೆರವಿನಿಂದ ನೂಲು ಬಿಚ್ಚುವ ಕಾರ್ಖಾನೆಯನ್ನು ನಡೆಸಿದರು. ಜಪಾನಿನಿಂದ ಮೊಟ್ಟೆ ತರಿಸಿ ತಳಿ ಸುಧಾರಿಸುವ ಪ್ರಯತ್ನವೂ ನಡೆಯಿತು, ಅದು ಫಲಿಸಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮಶೇಟಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿ ತಜ್ಞರ ನೆರವಿನಿಂದ ರೇಷ್ಮೆ ಕ್ಷೇತ್ರವನ್ನು ಸ್ಥಾಪಿಸಿದರು. ಮೈಸೂರು ಸರ್ಕಾರವು ಇದಕ್ಕೆ ಭೂಮಿಯನ್ನೂ ಸಹಾಯಧನವನ್ನೂ ನೀಡಿತು. ಕಲಿಯಬಂದವರಿಗೆ ರೋಗರಹಿತ ಮೊಟ್ಟೆ ತಯಾರಿಸುವ ಹಾಗೂ ಉತ್ತಮವಾಗಿ ನೂಲು ಬಿಚ್ಚುವ ಶಿಕ್ಷಣ ಇಲ್ಲಿ ದೊರೆಯುತ್ತಿತ್ತು. ಈ ಕ್ಷೇತ್ರವು ಮುಂದೆ ಸಾಲ್ವೇಶನ್ ಆರ್ಮಿ ಸಂಸ್ಥೆಯ ಆಡಳಿತಕ್ಕೆ ಹೋಯಿತು. ಬೆಂಗಳೂರಿನ ಒಂದು ಬಡಾವಣೆಯ ಹೆಸರಿನಲ್ಲಿ ಇದರ ನೆನಪು ಉಳಿದಿದೆ. ಸರ್ಕಾರವು ತಾನೇ ಮುಂದಾಗದೆ, ಖಾಸಗಿ ಯತ್ನಕ್ಕೆ ಒತ್ತಾಸೆಯಾಗಿ ನಿಂತ ಹಂತವಿದು.

ಇಲಾಖೆಯ ಉದಯ

1911ರ ಜೂನ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಸ್ಥಾಪನೆಯಾಯಿತು. ಮುಂದಿನ ವರ್ಷ ದಿವಾನರಾದ ಎಂ. ವಿಶ್ವೇಶ್ವರಯ್ಯನವರು ಇದರ ಪ್ರೇರಕ ಶಕ್ತಿಯಾಗಿದ್ದರು. 1913ರಲ್ಲಿ ಕೈಗಾರಿಕಾ ಮತ್ತು ವಾಣಿಜ್ಯ ಇಲಾಖೆ ರೂಪುಗೊಂಡಿತು. ಮದರಾಸಿನಲ್ಲಿ ಕೈಗಾರಿಕಾ ಪ್ರಯೋಗಗಳಿಗೆ ಹೆಸರಾಗಿದ್ದ ಆಲ್ಫ್ರೆಡ್ ಚಾಟರ್ಟನ್ ಅವರು ಇದರ ಮುಖ್ಯಸ್ಥರಾದರು. ಅದೇ ವರ್ಷ ಮೈಸೂರು ಬ್ಯಾಂಕ್ ಹಾಗೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗಳು ಆರಂಭವಾದವು. ವಿಶ್ವೇಶ್ವರಯ್ಯನವರ ಹೆಸರು ಬೃಹತ್ ಕೈಗಾರಿಕೆಗಳೊಡನೆ ಬೆಸೆದುಕೊಂಡಿದ್ದರೂ, ಆರ್ಥಿಕ ಸಮ್ಮೇಳನದ ಕಾರ್ಯಸೂಚಿಯಲ್ಲಿ ಹಳ್ಳಿಯ ಉಪಕಸುಬುಗಳಿಗೂ ಸ್ಥಾನವಿತ್ತೆಂಬುದನ್ನು ಮರೆಯಬಾರದು.

ರೇಷ್ಮೆಯ ಮಟ್ಟಿಗೆ ಈ ಅವಧಿ ನಿರ್ಣಾಯಕವಾಯಿತು. ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಸರ್ಕಾರ ಕರೆಸಿಕೊಂಡಿತು. 1914ರ ಸುಮಾರಿಗೆ ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರ ಆರಂಭವಾಯಿತು. ಕಸುಬಿನ ಯಾವ ಭಾಗವನ್ನು ಸರ್ಕಾರ ವಹಿಸಿಕೊಳ್ಳಬೇಕು, ಯಾವುದನ್ನು ಮನೆಗೇ ಬಿಡಬೇಕು ಎಂಬುದು ಇಲ್ಲಿ ಸ್ಪಷ್ಟವಾಗತೊಡಗಿತು. ಹುಳು ಸಾಕುವುದನ್ನು ಇಲಾಖೆ ಕಾರ್ಖಾನೆಗೆ ಸಾಗಿಸಲಿಲ್ಲ. ಮನೆಗೆ ಅಸಾಧ್ಯವಾಗಿದ್ದ ಮೊಟ್ಟೆ ಪರೀಕ್ಷೆಯನ್ನು ಮಾತ್ರ ತನ್ನ ಕೈಗೆ ತೆಗೆದುಕೊಂಡಿತು. ಸರ್ಕಾರಿ ಬಿತ್ತನೆ ಕೋಠಿಗಳಿಗೆ ಜೊತೆಯಾಗಿ, ಸಹಾಯಧನ ಮತ್ತು ಮೇಲ್ವಿಚಾರಣೆಗೆ ಒಳಪಟ್ಟ ಖಾಸಗಿ ಬಿತ್ತನೆ ತಯಾರಕರೂ ಹುಟ್ಟಿಕೊಂಡರು. ತರಬೇತಿ ಪಡೆದ ಗ್ರಾಮಸ್ಥನೊಬ್ಬ ಸೂಕ್ಷ್ಮದರ್ಶಕವೊಂದನ್ನು ಇಟ್ಟುಕೊಂಡು ಸುತ್ತಣ ಬೆಳೆಗಾರರಿಗೆ ಮೊಟ್ಟೆ ಒದಗಿಸುವ ಈ ವ್ಯವಸ್ಥೆಯು, ಸರ್ಕಾರದ ನೆರವಿನಿಂದ ನಡೆದ ಗೃಹೋದ್ಯಮಕ್ಕೆ ಒಂದು ಒಳ್ಳೆಯ ಮಾದರಿ.

1920ರ ದಶಕದ ಆರಂಭದಲ್ಲಿ ಜಪಾನಿನ ತಜ್ಞ ಯೋನೆಮುರಾ ಅವರ ಮಾರ್ಗದರ್ಶನದಲ್ಲಿ ತಳಿ ಸಂಕರದ ಕಾರ್ಯ ಮುಂದುವರಿಯಿತು. ಮೈಸೂರು ತಳಿ ಈ ಸೀಮೆಯ ಹವೆಗೆ ಒಗ್ಗಿದ, ವರ್ಷಕ್ಕೆ ಹಲವು ಬೆಳೆ ಕೊಡುವ ತಳಿ. ಆದರೆ ಅದರ ಗೂಡಿನಲ್ಲಿ ನೂಲು ಕಡಿಮೆ. ವಿದೇಶಿ ತಳಿಯಲ್ಲಿ ನೂಲು ಹೆಚ್ಚು; ಆದರೆ ಅದಕ್ಕೆ ಬಿಸಿಲು, ರೋಗ ತಡೆಯವು. ಎರಡನ್ನೂ ಕೂಡಿಸಿದ ಮಿಶ್ರತಳಿಯ ಮೊದಲ ಪೀಳಿಗೆ ಸಾಕಲು ಯೋಗ್ಯವಾದರೂ ಅದರ ಗೂಡು ಮರುಬಿತ್ತನೆಗೆ ಬಾರದು. ಆದ್ದರಿಂದ ಪ್ರತಿ ಬೆಳೆಗೂ ಹೊಸ ಮೊಟ್ಟೆಯನ್ನು ಹೊರಗಿನಿಂದಲೇ ತರಬೇಕು. ಕುಣಿಗಲ್, ಮಾಗಡಿಗಳಂಥ ಪ್ರದೇಶಗಳು ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡಿಗೆ ಮೀಸಲಾದುದಕ್ಕೆ ಇದೇ ಕಾರಣ. ಇಳುವರಿ ಹೆಚ್ಚಿತು, ರೋಗ ತಗ್ಗಿತು. ಅದರೊಡನೆಯೇ ಬಿತ್ತನೆಯ ಮೇಲಿದ್ದ ಮನೆಯ ಸ್ವಾತಂತ್ರ್ಯವೂ ಕೊನೆಗೊಂಡಿತು. ಈ ಎರಡನ್ನೂ ಒಟ್ಟಿಗೆ ನೋಡಿದಾಗ ಮಾತ್ರ ನೆರವಿನ ನಿಜವಾದ ಸ್ವರೂಪ ತಿಳಿಯುತ್ತದೆ. ರೇಷ್ಮೆ ಇಲಾಖೆಯನ್ನು ನಡೆಸಿದ ಅಧಿಕಾರಿಗಳಲ್ಲಿ ‘ಕೆಲವು ನೆನಪುಗಳು’ ಕೃತಿಯ ಕರ್ತೃ ನವರತ್ನ ರಾಮರಾಯರೂ ಒಬ್ಬರೆಂಬುದು ಕನ್ನಡ ಓದುಗರು ನೆನೆಯತಕ್ಕ ಸಂಗತಿ.

ಖಾದಿಯ ಹೋಲಿಕೆ

1927ರಲ್ಲಿ ಗಾಂಧೀಜಿಯವರು ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ಕೆಲವು ತಿಂಗಳು ತಂಗಿದ್ದರು. ಆ ವರ್ಷ ಬೆಂಗಳೂರಿನಲ್ಲಿ ಖಾದಿ ಪ್ರದರ್ಶನ ನಡೆಯಿತು. ಅದೇ ಕಾಲದಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರಕ್ಕೆ ಮೈಸೂರು ಸರ್ಕಾರದ ನೆರವು ದೊರೆಯಿತು. ದೇಶೀ ಸಂಸ್ಥಾನವೊಂದರ ಕೈಗಾರಿಕಾ ಇಲಾಖೆಯು ಚರಕದ ಕೆಲಸಕ್ಕೆ ಕೈಜೋಡಿಸಿದುದು ಆ ಕಾಲಕ್ಕೆ ವಿಶೇಷವೇ ಸರಿ.

ಬುಕಾನನ್ ಕಂಡ ನೂಲುವ ಹೆಂಗಸಿಗೂ ಬದನವಾಳಿನ ನೂಲುವ ಹೆಂಗಸಿಗೂ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಮೊದಲಿನವಳು ಸಂತೆಯಲ್ಲಿ ಕೊಂಡು ಮಾರುತ್ತಿದ್ದಳು. ಎರಡನೆಯವಳಿಗೆ ಅರಳೆಯನ್ನು ಕೇಂದ್ರ ಕೊಟ್ಟಿತು. ನೂಲನ್ನೂ ಕೇಂದ್ರವೇ ಕೊಂಡಿತು. ಇದರಿಂದ ನಷ್ಟದ ಭಯ ತಪ್ಪಿತು, ಬೇಸಗೆಯ ಬಿಡುವಿನಲ್ಲಿ ನಾಲ್ಕು ಕಾಸು ಕೈಸೇರಿತು. ಆದರೆ ಕೇಂದ್ರದ ಖಾದಿಗೆ ಗಿರಾಕಿ ಇರುವವರೆಗೆ ಮಾತ್ರ ಅವಳ ಚರಕ ತಿರುಗಬೇಕಾಯಿತು. ರೇಷ್ಮೆಯ ನೂಲಿಗೆ ಮಾರುಕಟ್ಟೆ ತಾನಾಗಿಯೇ ಇತ್ತು. ಸರ್ಕಾರ ಕಸುಬಿನ ದುರ್ಬಲವಾದ ಒಂದು ಕೊಂಡಿಯನ್ನು ಭದ್ರಪಡಿಸಿತು. ಖಾದಿಯಲ್ಲಿ ಮಾರುಕಟ್ಟೆಯನ್ನೇ ಸೃಷ್ಟಿಸಿ ಕಾಪಾಡಬೇಕಾಯಿತು. ಒಂದೇ ಇಲಾಖೆಯ ಎರಡು ಬಗೆಯ ನೆರವಿನ ಪರಿಣಾಮ ಬೇರೆಬೇರೆಯಾದುದಕ್ಕೆ ಇದು ಕಾರಣವೆಂದು ತೋರುತ್ತದೆ. ಅನಂತರದ ದಶಕಗಳಲ್ಲಿ ಬದನವಾಳಿನ ಕೇಂದ್ರ ಕ್ಷೀಣಿಸಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಅಲ್ಲಿ ನಡೆದ ಸತ್ಯಾಗ್ರಹವು ಆ ಹೆಸರನ್ನು ಮತ್ತೆ ಜನರ ನೆನಪಿಗೆ ತಂದಿತು.

ಸುಂಕ, ಯುದ್ಧ ಮತ್ತು ಮಾರುಕಟ್ಟೆ

1930ರ ದಶಕದ ಆರಂಭದ ಜಾಗತಿಕ ಮುಗ್ಗಟ್ಟಿನಲ್ಲಿ ಚೀನಾ ಮತ್ತು ಜಪಾನಿನ ಅಗ್ಗದ ರೇಷ್ಮೆ ಹಾಗೂ ಕೃತಕ ರೇಷ್ಮೆ ಭಾರತದ ಮಾರುಕಟ್ಟೆಯನ್ನು ತುಂಬಿದವು. ಗೂಡಿನ ಬೆಲೆ ಕುಸಿದಾಗ ಬೆಳೆಗಾರರು ಹಿಪ್ಪುನೇರಳೆಯನ್ನು ಕಿತ್ತು ಬೇರೆ ಬೆಳೆಗೆ ತಿರುಗಿದರು. ರೋಗವನ್ನು ತಡೆಯಬಲ್ಲ ಇಲಾಖೆಗೆ ಬೆಲೆಯನ್ನು ತಡೆಯುವ ಅಧಿಕಾರವಿರಲಿಲ್ಲ. ಆಮದು ಸುಂಕ ಬ್ರಿಟಿಷ್ ಭಾರತ ಸರ್ಕಾರದ ವಿಷಯವಾಗಿತ್ತು. 1933ರಲ್ಲಿ ಸುಂಕ ಮಂಡಳಿಯು ರೇಷ್ಮೆ ಉದ್ಯಮದ ಸ್ಥಿತಿಯನ್ನು ಪರಿಶೀಲಿಸಿತು; 1934ರಲ್ಲಿ ರಕ್ಷಣಾ ಸುಂಕ ಜಾರಿಗೆ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ಯಾರಾಚೂಟಿನ ಬಟ್ಟೆಗಾಗಿ ರೇಷ್ಮೆಗೆ ಬೇಡಿಕೆ ಏರಿತು. ಸಂಸ್ಥಾನದಲ್ಲಿ ಯಂತ್ರದ ನೂಲು ಬಿಚ್ಚಾಣಿಕೆ ಕಾರ್ಖಾನೆಗಳು ವಿಸ್ತರಿಸಿದವು. ಯುದ್ಧ ಮುಗಿಯುತ್ತಲೇ ಆ ಬೇಡಿಕೆ ಇಳಿಯಿತು. ಕಾರ್ಖಾನೆಗಳು ಸಂಕಟಕ್ಕೆ ಸಿಲುಕಿದರೂ ಮನೆಯಲ್ಲಿ ಚರಕದ ಮೇಲೆ ನೂಲು ಬಿಚ್ಚುವವರು ಹೇಗೋ ಉಳಿದುಕೊಂಡರು. ಕುಟುಂಬದ ದುಡಿಮೆಗೆ ಲೆಕ್ಕ ಹಿಡಿಯದ ಉದ್ಯಮ ನಷ್ಟವನ್ನು ತಾಳಿಕೊಳ್ಳುವ ಬಗೆಯೇ ಇದು. ತನ್ನ ಕೂಲಿಯನ್ನು ತಾನೇ ಇಳಿಸಿಕೊಂಡು ಅದು ಬದುಕುತ್ತದೆ. ಇದನ್ನು ಗೃಹೋದ್ಯಮದ ಗಟ್ಟಿತನವೆಂದು ಹೊಗಳುವ ಮುನ್ನ ಆ ಗಟ್ಟಿತನದ ಬೆಲೆಯನ್ನು ಯಾರು ತೆತ್ತರೆಂಬುದನ್ನು ಗಮನಿಸಬೇಕು.

ಸ್ವಾತಂತ್ರ್ಯಾನಂತರ 1948ರ ಕೇಂದ್ರ ಶಾಸನದಂತೆ 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಸ್ಥಾಪನೆಯಾಯಿತು. 1955ರಲ್ಲಿ ಕರ್ವೆ ಸಮಿತಿಯು ಗ್ರಾಮೀಣ ಮತ್ತು ಸಣ್ಣ ಕೈಗಾರಿಕೆಗಳನ್ನು ಉದ್ಯೋಗ ಸೃಷ್ಟಿಯ ಸಾಧನವೆಂದು ಎತ್ತಿಹಿಡಿಯಿತು. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ರಚನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಮೂಲಕ ಇದೇ ದಿಕ್ಕಿನಲ್ಲಿ ದುಡಿದರು. 1961ರಲ್ಲಿ ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ತಲೆಯೆತ್ತಿತು.

ಬೆಳೆಗಾರರ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದುದು 1959ರ ರೇಷ್ಮೆಹುಳು ಬಿತ್ತನೆ ಮತ್ತು ಗೂಡು ನಿಯಂತ್ರಣ ಶಾಸನ. ಗೂಡು ಬಹುದಿನ ಇಡುವ ವಸ್ತುವಲ್ಲ. ಒಳಗಿನ ಚಿಟ್ಟೆ ತೂತು ಕೊರೆದು ಹೊರಬಂದರೆ ನೂಲು ಹಾಳು. ಈ ಆತುರವೇ ಬೆಳೆಗಾರನ ದೌರ್ಬಲ್ಯ. ಹಳ್ಳಿಗೆ ಬಂದ ದಲ್ಲಾಳಿ ಹೇಳಿದ ಬೆಲೆಗೆ, ಅವನದೇ ತೂಕಕ್ಕೆ ಗೂಡನ್ನು ಕೊಡಬೇಕಾಗುತ್ತಿತ್ತು. ಮುಂಗಡ ಪಡೆದಿದ್ದರಂತೂ ಮಾತೇ ಇಲ್ಲ. ಸರ್ಕಾರಿ ಗೂಡಿನ ಮಾರುಕಟ್ಟೆಗಳಲ್ಲಿ ಬಹಿರಂಗ ಹರಾಜು, ಸರಿಯಾದ ತೂಕ ಮತ್ತು ನಗದು ಪಾವತಿ ರೂಢಿಗೆ ಬಂದುದು ಈ ಸ್ಥಿತಿಯನ್ನು ಬಹಳಮಟ್ಟಿಗೆ ಬದಲಿಸಿತು. 1979ರಲ್ಲಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಸ್ಥಾಪನೆಯಾದುದು ನೂಲು ಬಿಚ್ಚುವವರ ಪಾಲಿಗೂ ಬೆಲೆಯ ಆಸರೆಯನ್ನು ಒದಗಿಸುವ ಯತ್ನ. 1980ರಿಂದ ವಿಶ್ವಬ್ಯಾಂಕಿನ ನೆರವಿನ ಯೋಜನೆಯೂ ಜಾರಿಗೆ ಬಂದಿತು. ರಾಮನಗರದ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂಬ ಖ್ಯಾತಿಯನ್ನು ಪಡೆಯಿತು.

ಆದರೂ ಹಳೆಯ ಪ್ರಶ್ನೆ ಮರುಕಳಿಸಿತು. 2000ದ ದಶಕದ ಆರಂಭದಲ್ಲಿ ಚೀನಾದ ಅಗ್ಗದ ಕಚ್ಚಾ ರೇಷ್ಮೆ ಮತ್ತೆ ಒಳಹರಿಯಿತು. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಬಿದ್ದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು. ನೇಕಾರನಿಗೆ ನೂಲು ಅಗ್ಗವಾಗಿ ಸಿಗಬೇಕು, ಬೆಳೆಗಾರನಿಗೆ ಗೂಡಿನ ಬೆಲೆ ನಿಲ್ಲಬೇಕು. ಇಬ್ಬರೂ ಮನೆಯಲ್ಲಿಯೇ ದುಡಿಯುವವರು. ಒಂದು ಗೃಹೋದ್ಯಮಕ್ಕೆ ನೀಡಿದ ನೆರವು ಮತ್ತೊಂದಕ್ಕೆ ಹೊರೆಯಾಗುವ ಈ ಇಕ್ಕಟ್ಟು 1934ರಲ್ಲಿ ಇದ್ದಂತೆಯೇ 2011ರಲ್ಲಿಯೂ ಇತ್ತು.

ಮನೆಯಿಂದ ಹೊರಗೆ

ಒಂದು ಶತಮಾನದ ನೆರವಿನ ಕ್ರಮವನ್ನು ಒಟ್ಟಾಗಿ ನೋಡಿದಾಗ ಒಂದು ದಿಕ್ಕು ಕಂಡುಬರುತ್ತದೆ. ಮೊದಲು ಮೊಟ್ಟೆ ಮನೆಯಿಂದ ಹೊರಹೋಯಿತು. ಬಳಿಕ ಮಾರಾಟ ಮನೆಬಾಗಿಲಿನಿಂದ ಮಾರುಕಟ್ಟೆಗೆ ಹೋಯಿತು. ಅನಂತರ ಎಳೆಹುಳುವಿನ ಸಾಕಣೆ ಚಾಕಿ ಕೇಂದ್ರಗಳಿಗೆ ಸಾಗಿತು. ಕೊನೆಗೆ, ಪ್ರತ್ಯೇಕ ಹುಳುಮನೆ ಕಟ್ಟಲು ಸಹಾಯಧನ ದೊರೆತ ಮೇಲೆ, ಬೆಳೆದ ಹುಳುವೂ ವಾಸದ ಮನೆಯನ್ನು ಬಿಟ್ಟಿತು. ಪ್ರತಿಯೊಂದು ಹೆಜ್ಜೆಗೂ ವೈಜ್ಞಾನಿಕ ಕಾರಣವಿತ್ತು; ಪ್ರತಿಯೊಂದರಿಂದಲೂ ಬೆಳೆಯ ಭದ್ರತೆ ಹೆಚ್ಚಿತು. ಹೊಗೆ ತುಂಬಿದ ಕೋಣೆಯಲ್ಲಿ ಹುಳುವಿನೊಡನೆ ಮಲಗುವ ಕಷ್ಟದಿಂದ ಮನೆಯವರಿಗೂ ಬಿಡುಗಡೆ ದೊರೆಯಿತು.

ಇದರ ಇನ್ನೊಂದು ಮುಖವೂ ಇದೆ. ಬಿತ್ತನೆ ಗೂಡನ್ನು ಆರಿಸುವ, ಎಳೆಹುಳುವನ್ನು ಪೊರೆಯುವ ತಿಳಿವಳಿಕೆ ಬಹುಪಾಲು ಹೆಂಗಸರದಾಗಿತ್ತು. ಅದು ಹೊರಹೋದಂತೆ ಅವರ ಪಾಲಿಗೆ ತಿಳಿವಳಿಕೆಯ ಕೆಲಸ ತಗ್ಗಿ, ಸೊಪ್ಪು ಹಾಕುವ, ಹಿಕ್ಕೆ ತೆಗೆಯುವ ಕೆಲಸ ಉಳಿಯಿತು. ಸಾಲ, ಸಹಾಯಧನ, ಪಾಸ್‌ಪುಸ್ತಕಗಳು ಭೂಮಿಯ ಹಕ್ಕನ್ನು ಅನುಸರಿಸುವುದರಿಂದ ಅವು ಸಾಮಾನ್ಯವಾಗಿ ಗಂಡಸರ ಹೆಸರಿನಲ್ಲಿ ಇರುತ್ತವೆ. ಇಲಾಖೆಯ ವರದಿಗಳು ಮೊಟ್ಟೆಯ ಸಂಖ್ಯೆ, ಗೂಡಿನ ತೂಕ, ನೂಲಿನ ಪ್ರಮಾಣಗಳನ್ನು ವರ್ಷವರ್ಷವೂ ದಾಖಲಿಸುತ್ತ ಬಂದಿವೆ. ರಾತ್ರಿಯ ಸೊಪ್ಪು ಹಾಕಿದ ಕೈಗಳ ಲೆಕ್ಕಕ್ಕೆ ಅವುಗಳಲ್ಲಿ ಅಂಕಣವಿರಲಿಲ್ಲ. 1961ರ ಜನಗಣತಿಯು ಗೃಹ ಕೈಗಾರಿಕೆಯನ್ನು ಪ್ರತ್ಯೇಕ ವರ್ಗವಾಗಿ ಎಣಿಸಿದುದು, 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯು ಮನೆಯಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ವ್ಯಾಖ್ಯಾನಿಸಿದುದು ಮಹತ್ತ್ವದ ಹೆಜ್ಜೆಗಳು. ಆದರೆ ಸ್ವಂತ ಕುಟುಂಬದ ಬೆಳೆಗೆ ಕೂಲಿಯಿಲ್ಲದೆ ದುಡಿಯುವವಳನ್ನು ಕಾರ್ಮಿಕಳೆನ್ನಬೇಕೆ, ಉದ್ಯಮಿಯೆನ್ನಬೇಕೆ ಎಂಬ ಪ್ರಶ್ನೆ ಇವುಗಳಿಂದ ಪೂರ್ತಿಯಾಗಿ ಪರಿಹಾರವಾಗಲಿಲ್ಲ. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಗುಂಪುಗಳು ಹೆಂಗಸರ ಹೆಸರಿಗೇ ಸಾಲ ಮತ್ತು ಉಳಿತಾಯದ ಲೆಕ್ಕವನ್ನು ತಂದುದು ಈ ದೃಷ್ಟಿಯಿಂದ ಹೊಸ ಬೆಳವಣಿಗೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮನೆಗೆ ಅಸಾಧ್ಯವಾದುದನ್ನು ತಾನು ವಹಿಸಿಕೊಂಡು, ಮನೆಗೆ ಸುಲಭವಾದುದನ್ನು ಮನೆಗೇ ಬಿಟ್ಟಾಗ ಸರ್ಕಾರದ ನೆರವು ಫಲಿಸಿದೆ. ಬಿತ್ತನೆ ಕೋಠಿ ಮತ್ತು ಗೂಡಿನ ಮಾರುಕಟ್ಟೆಗಳು ಇದಕ್ಕೆ ಸಾಕ್ಷಿ. ಮಾರುಕಟ್ಟೆಯ ಹೊಣೆಯನ್ನು ಪೂರ್ತಿಯಾಗಿ ಹೊತ್ತುಕೊಂಡ ಕಡೆ ನೆರವು ಕುಗ್ಗಿದೊಡನೆ ಕಸುಬೂ ಕುಗ್ಗಿದೆ. ಸುಂಕದಂಥ ದೂರದ ನಿರ್ಧಾರವೊಂದು ಹಲವು ದಶಕಗಳ ನೆರವನ್ನು ಕೆಲವೇ ತಿಂಗಳಲ್ಲಿ ದುರ್ಬಲಗೊಳಿಸಬಲ್ಲದು.

ಮುಂದಿನ ಸಂಶೋಧಕರು ಗಮನ ಹರಿಸಬೇಕಾದ ಕ್ಷೇತ್ರವೊಂದು ಇಲ್ಲಿದೆ. ಪ್ರಜಾಪ್ರತಿನಿಧಿ ಸಭೆಯ ನಡವಳಿಗಳು, ಆರ್ಥಿಕ ಸಮ್ಮೇಳನದ ಕಾಗದಪತ್ರಗಳು ಹಾಗೂ ಇಲಾಖೆಯ ವಾರ್ಷಿಕ ವರದಿಗಳು ನೆರವು ನೀಡಿದವರ ಕಡೆಯ ಆಕರಗಳು. ನೆರವು ಪಡೆದ ಮನೆಯ ಒಳಗಿನ ಇತಿಹಾಸಕ್ಕೆ ಅವು ಸಾಲವು. ಶಿಡ್ಲಘಟ್ಟ, ಕುಣಿಗಲ್, ಕೊಳ್ಳೇಗಾಲಗಳ ಸುತ್ತಮುತ್ತ, ವಾಸದ ಮನೆಯಲ್ಲಿಯೇ ಹುಳು ಸಾಕಿದ ಅನುಭವವುಳ್ಳ ಹಿರಿಯ ಹೆಂಗಸರು ಇನ್ನೂ ಇದ್ದಾರೆ. ಅವರ ಮಾತನ್ನು ದಾಖಲಿಸುವ ಕೆಲಸ ಬೇಗನೆ ನಡೆಯಬೇಕು. ಪ್ರತ್ಯೇಕ ಹುಳುಮನೆಗಳು ಎದ್ದಮೇಲೆ ಹುಟ್ಟಿದ ಪೀಳಿಗೆಗೆ ಆ ಅನುಭವದ ನೆನಪು ಇರಲಾರದು.